ಆರ್‌ಎನ್‌ಎ ಕತ್ತರಿಸುವ ಔಷಧಗಳ ಪೂರ್ವಚರಿತ್ರೆ

ರೋಗಕಾರಕ ಪ್ರೋಟೀನು ಉತ್ಪತ್ತಿಯಾದ ಮೇಲೆ ಅದನ್ನು ತಡೆಯುವ ಬದಲು, ಅದರ ರಚನೆಯ ಆದೇಶವನ್ನು ಹೊತ್ತ ಆರ್‌ಎನ್‌ಎಯನ್ನೇ ತಡೆಯಬಹುದೆಂಬ ವಿಚಾರಕ್ಕೆ ಪ್ರಯೋಗದ ಆಧಾರ ದೊರೆತದ್ದು 1978ರಲ್ಲಿ. ಹಾರ್ವರ್ಡ್‌ನ ಪಾಲ್ ಜಮೆಕ್ನಿಕ್ ಮತ್ತು ಮೇರಿ ಸ್ಟೀಫನ್‌ಸನ್ ಅವರು ರೌಸ್ ಸಾರ್ಕೋಮಾ ವೈರಸ್ಸಿನ ಆರ್‌ಎನ್‌ಎಗೆ ಪೂರಕವಾದ, ಕೇವಲ 13 ನ್ಯೂಕ್ಲಿಯೊಟೈಡ್‌ಗಳ ಡಿಎನ್‌ಎ ತುಣುಕೊಂದನ್ನು ಕೋಳಿಭ್ರೂಣದ ಕೋಶಗಳಿಗೆ ಸೇರಿಸಿ, ವೈರಸ್ಸಿನ ವೃದ್ಧಿ ಕುಗ್ಗುವುದನ್ನು ತೋರಿಸಿದರು. ಆರ್‌ಎನ್‌ಎಯೊಡನೆ ಹೀಗೆ ಜೋಡಿಯಾಗುವ ಕಿರುತುಣುಕುಗಳೇ ಆಂಟಿಸೆನ್ಸ್ ಆಲಿಗೊನ್ಯೂಕ್ಲಿಯೊಟೈಡ್‌ಗಳು.

ಈ ತುಣುಕಿಗೆ ನಿಜವಾದ ಬಲ ಬಂದದ್ದು ಜೀವಕೋಶದಲ್ಲೇ ಇರುವ ಒಂದು ಕಿಣ್ವದಿಂದ. ಜರ್ಮನಿಯ ಹಾನ್ಸ್ ಸ್ಟೈನ್ ಮತ್ತು ಪೀಟರ್ ಹೌಸೆನ್ 1969ರಲ್ಲಿ ಕರುವಿನ ಥೈಮಸ್ ಗ್ರಂಥಿಯಲ್ಲಿ ಗುರುತಿಸಿದ್ದ ಆರ್‌ಎನ್‌ಏಸ್ ಎಚ್ ಎಂಬ ಈ ಕಿಣ್ವವು ಡಿಎನ್‌ಎ–ಆರ್‌ಎನ್‌ಎ ಜೋಡಿಯನ್ನು ಗುರುತಿಸಿ, ಅದರಲ್ಲಿನ ಆರ್‌ಎನ್‌ಎ ಎಳೆಯನ್ನು ಮಾತ್ರ ತುಂಡರಿಸುತ್ತದೆ. ಡಿಎನ್‌ಎ ತುಣುಕು ಬಿಡುಗಡೆ ಹೊಂದಿ ಮತ್ತೊಂದು ಆರ್‌ಎನ್‌ಎಯನ್ನು ಹಿಡಿಯಬಲ್ಲದಾದ್ದರಿಂದ, ಒಂದೇ ಅಣುವಿನಿಂದ ಹಲವು ಆರ್‌ಎನ್‌ಎಗಳು ನಾಶವಾಗುತ್ತವೆ.

ಆದರೆ ಸಹಜ ಡಿಎನ್‌ಎ ತುಣುಕು ರಕ್ತದಲ್ಲಿ ಬಹುಬೇಗ ಒಡೆದುಹೋಗುತ್ತದೆ. ಜರ್ಮನಿಯ ಫ್ರಿಟ್ಸ್ ಎಕ್‌ಸ್ಟೈನ್ 1960ರ ದಶಕದಿಂದ ಅಧ್ಯಯನ ಮಾಡಿದ್ದ ಫಾಸ್ಫೊರೊಥಿಯೊಯೇಟ್ ಮಾರ್ಪಾಡು, ಅಂದರೆ ಫಾಸ್ಫೇಟ್ ಕೊಂಡಿಯ ಒಂದು ಆಮ್ಲಜನಕ ಪರಮಾಣುವಿನ ಸ್ಥಳದಲ್ಲಿ ಗಂಧಕವನ್ನು ಇರಿಸುವ ವಿಧಾನವು, ತುಣುಕಿಗೆ ಬಾಳಿಕೆ ಕೊಟ್ಟಿತಲ್ಲದೆ ಕಿಣ್ವದ ಕೆಲಸಕ್ಕೂ ಅಡ್ಡಿಯಾಗಲಿಲ್ಲ; ಆರ್‌ಎನ್‌ಎಯೊಡನೆ ಬೆಸೆಯುವ ಬಿಗಿ ಮಾತ್ರ ಕಡಿಮೆಯಾಯಿತು. ಸಕ್ಕರೆಯ ಎರಡನೆಯ ಇಂಗಾಲದಲ್ಲಿ ಮಾರ್ಪಾಡು ಮಾಡಿದಾಗ ಬಿಗಿ ಹೆಚ್ಚಿತಾದರೂ ಆ ಜೋಡಿಯನ್ನು ಕಿಣ್ವವು ಕತ್ತರಿಸದಾಯಿತು. ಈ ಇಕ್ಕಟ್ಟಿಗೆ ದೊರೆತ ಪರಿಹಾರವೇ, ಇಡೀ ಚರಿತ್ರೆಯ ಅತ್ಯಂತ ಜಾಣ ಹೆಜ್ಜೆಯೆನ್ನಬಹುದಾದ 'ಗ್ಯಾಪ್‌ಮರ್' ರಚನೆ: ಎರಡು ತುದಿಗಳಲ್ಲಿ ಮಾರ್ಪಟ್ಟ ಸಕ್ಕರೆ, ನಡುವೆ ಕಿಣ್ವಕ್ಕೆಂದು ಉಳಿಸಿದ ಡಿಎನ್‌ಎ. ಇಂತಹ ಮಿಶ್ರ ತುಣುಕುಗಳಿಂದ ಆರ್‌ಎನ್‌ಎಯನ್ನು ಬೇಕಾದ ಸ್ಥಳದಲ್ಲೇ ಕತ್ತರಿಸಬಹುದೆಂದು ಜಪಾನಿನ ವಿಜ್ಞಾನಿಗಳು 1987ರಲ್ಲಿಯೇ ತೋರಿಸಿದ್ದರು.

ಅಮೆರಿಕದಲ್ಲಿ 1998ರಲ್ಲಿ ಅನುಮತಿ ಪಡೆದ ಮೊದಲ ಆಂಟಿಸೆನ್ಸ್ ಔಷಧ ಫೊಮಿವಿರ್ಸೆನ್, ಗಂಧಕದ ಮಾರ್ಪಾಡನ್ನಷ್ಟೇ ಹೊಂದಿತ್ತು. ಏಡ್ಸ್ ರೋಗಿಗಳ ಕಣ್ಣಿನ ಸೈಟೊಮೆಗಾಲೊವೈರಸ್ ಸೋಂಕಿಗೆ ನೀಡುತ್ತಿದ್ದ ಇದು, ಎಚ್‌ಐವಿ ಚಿಕಿತ್ಸೆ ಸುಧಾರಿಸಿ ಬೇಡಿಕೆ ಇಳಿದ ಮೇಲೆ ಮಾರುಕಟ್ಟೆಯಿಂದ ಮರೆಯಾಯಿತು. ಇದನ್ನು ವಿಧಾನದ ಸೋಲೆಂದು ಎಣಿಸುವುದು ನ್ಯಾಯವಲ್ಲ. ಆನುವಂಶಿಕ ಅತಿಕೊಲೆಸ್ಟರಾಲಿಗೆ 2013ರಲ್ಲಿ ಬಂದ ಮಿಪೊಮೆರ್ಸೆನ್ ಗ್ಯಾಪ್‌ಮರ್ ಆಗಿದ್ದರೂ ಯಕೃತ್ತಿಗೆ ಹಾನಿಯ ಎಚ್ಚರಿಕೆಯನ್ನು ಹೊತ್ತೇ ಬಂದಿತು. ಎಸ್‌ಒಡಿ1 ಜೀನಿನ ದೋಷದಿಂದ ಬರುವ ಎಎಲ್‌ಎಸ್ ಎಂಬ ನರರೋಗಕ್ಕೆ 2023ರಲ್ಲಿ ಅನುಮತಿ ಪಡೆದ ಟೊಫೆರ್ಸೆನ್ ಕೂಡ ಅದೇ ರಚನೆಯದು. ರಕ್ತದಿಂದ ಮಿದುಳಿಗೆ ದಾಟಲಾರದ ಕಾರಣ, ಅದನ್ನು ಇಂದಿಗೂ ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಚುಚ್ಚಬೇಕಾಗಿದೆ.