ಮ್ಯಾಂಚೆಸ್ಟರಿನ ಗೋಲು ಕಾಯ್ದ ಜರ್ಮನ್

ಪರಸ್ಥಳಕ್ಕೆ ಬಂದು ನೆಲೆಸಿದ ನಮಗೆಲ್ಲ ಒಂದು ಅನುಭವ ಉಂಟು. ಹೊಸ ಊರು ಮೊದಲು ಕೇಳುವುದು ನಾವು ಎಲ್ಲಿಯವರೆಂದು. ನಮ್ಮ ಕೆಲಸವನ್ನು ನೋಡುವುದು ಆಮೇಲೆ. ಹಾಗಿರುವಾಗ, ಶತ್ರುಸೈನಿಕನಾಗಿ ಬಂದವನನ್ನು ಒಂದು ಊರು ಹೇಗೆ ನಡೆಸಿಕೊಂಡೀತು? ಫುಟ್‌ಬಾಲ್ ಗೋಲ್‌ಕೀಪರ್ ಬರ್ಟ್ ಟ್ರೌಟ್‌ಮನ್ ಅವರ ಬಾಳನ್ನು ನೋಡೋಣ.

1923ರಲ್ಲಿ ಬ್ರೆಮೆನ್ ನಗರದಲ್ಲಿ ಹುಟ್ಟಿದ ಅವರು ಎರಡನೆಯ ಮಹಾಯುದ್ಧದಲ್ಲಿ ಹಿಟ್ಲರನ ಪ್ಯಾರಾಶೂಟ್ ದಳದಲ್ಲಿದ್ದರು. 1945ರಲ್ಲಿ ಬ್ರಿಟಿಷರಿಗೆ ಸೆರೆಸಿಕ್ಕಿ ಲ್ಯಾಂಕಾಷೈರಿನ ಶಿಬಿರ ಸೇರಿದರು. ಗೋಲು ಕಾಯುವುದನ್ನು ರೂಢಿಸಿಕೊಂಡದ್ದು ಅಲ್ಲಿಯೇ. 1948ರಲ್ಲಿ ತಾಯ್ನಾಡಿಗೆ ಮರಳುವ ಅವಕಾಶ ಬಂದಾಗ ಒಲ್ಲೆನೆಂದು ಇಂಗ್ಲೆಂಡಿನಲ್ಲೇ ಉಳಿದರು; ಸೇಂಟ್ ಹೆಲೆನ್ಸ್ ಟೌನ್ ಎಂಬ ಸಣ್ಣ ತಂಡಕ್ಕೆ ಆಡಿದರು.

1949ರ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರ್ ಸಿಟಿ ತಂಡ ಅವರನ್ನು ಸೇರಿಸಿಕೊಂಡಾಗ ಊರಿನಲ್ಲಿ ಭಾರಿ ಪ್ರತಿಭಟನೆ ಎದ್ದಿತು. ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ಮನೆಗಳು ಅಲ್ಲಿ ಎಷ್ಟೋ ಇದ್ದವು. ಆಗ ಅವರ ಪರವಾಗಿ ನಿಂತವರು ಅಲ್ಲಿನ ಯೆಹೂದಿ ಧರ್ಮಗುರು ಅಲೆಕ್ಸಾಂಡರ್ ಆಲ್ಟ್‌ಮನ್. ಅವರು ನಾಜಿಗಳ ದೆಸೆಯಿಂದ 1938ರಲ್ಲಿ ಬರ್ಲಿನ್ ತೊರೆದು ಬಂದವರು, ಹೆತ್ತವರನ್ನು ನಾಜಿಗಳಿಂದಲೇ ಕಳೆದುಕೊಂಡವರು. ದೇಶ ಮಾಡಿದ ಪಾಪಕ್ಕೆ ಒಬ್ಬ ವ್ಯಕ್ತಿಯನ್ನು ದಂಡಿಸಬಾರದೆಂದು ಬಹಿರಂಗ ಪತ್ರ ಬರೆದರು.

ಮುಂದಿನದನ್ನು ಟ್ರೌಟ್‌ಮನ್ ಆಟದಿಂದಲೇ ಗಳಿಸಿಕೊಂಡರು. 1956ರ ಎಫ್. ಎ. ಕಪ್ ಅಂತಿಮ ಪಂದ್ಯದಲ್ಲಿ, ಇನ್ನು 17 ನಿಮಿಷದ ಆಟವಿದ್ದಾಗ, ಎದುರಾಳಿಯ ಕಾಲಿಗೆ ಧುಮುಕಿ ಚೆಂಡು ಹಿಡಿಯುವಲ್ಲಿ ಕುತ್ತಿಗೆಗೆ ಪೆಟ್ಟಾಯಿತು. ಬದಲಿ ಆಟಗಾರನನ್ನು ಇಳಿಸುವ ಪದ್ಧತಿ ಆಗ ಇರಲಿಲ್ಲ. ನೋವು ನುಂಗಿ ಕೊನೆಯವರೆಗೂ ಗೋಲು ಕಾಯ್ದರು. ಸಿಟಿ 3-1ರಿಂದ ಗೆದ್ದಿತು. ಕುತ್ತಿಗೆಯ ಮೂಳೆ ಮುರಿದಿದೆಯೆಂದು ತಿಳಿದದ್ದು ಕೆಲವು ದಿನಗಳ ಮೇಲೆ, ಎಕ್ಸ್‌ರೇ ತೆಗೆದಾಗ. ಚೇತರಿಸಿಕೊಂಡು ಮತ್ತೆ ಆಡಿದರು. 1964ರವರೆಗೆ ಸಿಟಿಗಾಗಿ ಒಟ್ಟು 545 ಪಂದ್ಯ. ಆದರೆ ಜರ್ಮನಿಯ ರಾಷ್ಟ್ರೀಯ ತಂಡಕ್ಕೆ ಆಡುವ ಭಾಗ್ಯ ಅವರಿಗೆ ಒಮ್ಮೆಯೂ ಬರಲಿಲ್ಲ.

ಆಟ ಬಿಟ್ಟ ಮೇಲೆ ತರಬೇತಿಯ ಕೆಲಸಕ್ಕೆ ಇಳಿದರು. ಇಂಗ್ಲೆಂಡಿನ ಸ್ಟಾಕ್‌ಪೋರ್ಟ್ ಕೌಂಟಿ, ಜರ್ಮನಿಯ ಮ್ಯೂನ್‌ಸ್ಟರ್ ತಂಡಗಳಾದ ಬಳಿಕ ಜರ್ಮನ್ ಫುಟ್‌ಬಾಲ್ ಸಂಘ ಅವರನ್ನು ಹೊರದೇಶಗಳಿಗೆ ಕಳಿಸಿತು. ಮೊದಲು ಬರ್ಮಾ, ಆಮೇಲೆ ಟಾಂಜಾನಿಯಾ, ಲೈಬೀರಿಯಾ, ಪಾಕಿಸ್ತಾನ, ಯೆಮೆನ್. ಹೋದಲ್ಲೆಲ್ಲ ಮತ್ತೆ ಹೊಸಬರೇ. 1988ರಲ್ಲಿ ನಿವೃತ್ತರಾದರು. ಎರಡು ದೇಶಗಳ ಸೌಹಾರ್ದ ಬೆಳೆಸಿದ್ದಕ್ಕಾಗಿ ಬ್ರಿಟನ್ 2004ರಲ್ಲಿ ಅವರನ್ನು ಗೌರವಿಸಿತು. 2013ರಲ್ಲಿ ಸ್ಪೇನಿನಲ್ಲಿ ತೀರಿಕೊಂಡರು.

ದುಡಿಮೆಯೊಂದೇ ಪರಊರಿನಲ್ಲಿ ನೆಲೆ ಕೊಡುತ್ತದೆಂದು ನಾವು ಮಕ್ಕಳಿಗೆ ಹೇಳುತ್ತೇವೆ. ಅದು ಅರ್ಧ ನಿಜ. ಟ್ರೌಟ್‌ಮನ್ ಕೈಗೆ ಚೆಂಡು ಬರುವ ಮೊದಲೇ ಒಬ್ಬರು ಅವರ ಪರವಾಗಿ ಮಾತಾಡಿದ್ದರು. ನಮ್ಮ ಬೀದಿಗೂ ನಾಳೆ ಯಾರೋ ಹೊಸಬರು ಬರುತ್ತಾರೆ. ಆ ಮೊದಲ ಮಾತನ್ನು ಆಡುವ ಸರದಿ ಆಗ ನಮ್ಮದು.