ಹುಲ್ಲಿಗೆ ಬೇರೆ, ಸೊಪ್ಪಿಗೆ ಬೇರೆ

ಮಲೆನಾಡಿನ ರೈತನ ಮನೆಯಲ್ಲಿ ಒಂದೇ ಕತ್ತಿ ಎಲ್ಲ ಕೆಲಸಕ್ಕೂ ಒದಗುವುದಿಲ್ಲ. ಸೊಪ್ಪಿನ ಬೆಟ್ಟದಲ್ಲಿ ಕೊಂಬೆ ಸವರುವ ಕತ್ತಿಗೆ ಬೆನ್ನು ದಪ್ಪ, ತುದಿ ಒಳಕ್ಕೆ ಬಾಗಿದ ಕೊಕ್ಕು. ಅಲ್ಲಿ ಕೆಲಸ ಮಾಡುವುದು ತೂಕ. ಅದನ್ನೇ ಹುಲ್ಲಿಗೆ ಬೀಸಿದರೆ ಹುಲ್ಲು ಬಾಗುತ್ತದೆಯೇ ಹೊರತು ತುಂಡಾಗುವುದಿಲ್ಲ. ಕೊಂಬೆಯ ಹಾಗೆ ಅದು ಏಟಿಗೆ ಎದುರು ನಿಲ್ಲದು.

ಹಾಗಾಗಿ ಹುಲ್ಲಿಗೆ ಕುಡುಗೋಲು. ಬಾಗಿದ ಅಲಗು ಎಳೆಗಳನ್ನು ಒಟ್ಟುಗೂಡಿಸುತ್ತದೆ, ಎಡಗೈ ಅವನ್ನು ಹಿಡಿಯುತ್ತದೆ. ತನ್ನತ್ತ ಎಳೆದಾಗ ಬಾಯಿ ಓರೆಯಾಗಿ ಜಾರುತ್ತ ಕೊಯ್ಯುತ್ತದೆ. ಹಲ್ಲಿನ ಕುಡುಗೋಲು ಮಾಗಿದ ಭತ್ತದ ಗಟ್ಟಿ ದಂಟಿಗೆ ಚೆನ್ನ, ದಂಟು ಜಾರಲು ಬಿಡುವುದಿಲ್ಲ. ಹಸಿ ಹುಲ್ಲಿಗೆ ನುಣ್ಣನೆಯ ಬಾಯಿಯೇ ಲೇಸು. ಆದರೆ ಬದುವಿನಲ್ಲಿ ಕೂತು ಆಗಾಗ ಮಸೆಯಲೇಬೇಕು. ಹುಲ್ಲಿನಲ್ಲಿ ಸಿಲಿಕಾ ಇದೆ. ನಮ್ಮ ಬೆರಳು ಕೊಯ್ಯುವ ಆ ಎಸಳು ಉಕ್ಕಿನ ಹರಿತವನ್ನೂ ತಿನ್ನುತ್ತದೆ.

ಲ್ಯಾಟಿನ್ ಅಮೆರಿಕದ ಮಚೆಟೆ ಹಿಡಿದ ದಾರಿ ಬೇರೆ: ಸಾಮಾನ್ಯವಾಗಿ 18ರಿಂದ 24 ಇಂಚು ಉದ್ದದ ತೆಳು ಅಲಗು. ಅದು ಕಡಿಯುವುದು ಬೀಸಿನ ವೇಗದಿಂದ. ಇನ್ನೊಂದು ಕೈಯಲ್ಲಿರುವ ಕೊಕ್ಕೆಯ ಕೋಲು ಹುಲ್ಲನ್ನು ಬಾಗದಂತೆ ತಡೆಹಿಡಿಯುತ್ತದೆ.

ನಮ್ಮ ಕುಡುಗೋಲಿನ ಹಿಡಿಯನ್ನೂ ಗಮನಿಸಿ. ಕುಲುಮೆಯಲ್ಲಿ ಅಲಗಿನ ಬಾಲವನ್ನು ಕೆಂಪಗೆ ಕಾಯಿಸಿ ಮರದೊಳಗೆ ಇಳಿಸುತ್ತಾರೆ. ಮರ ಸೀಳದಂತೆ ಬಿಗಿಯುವ ಲೋಹದ ಬಳೆಯೇ ಅಣಸು. ಬುಡದ ಉಬ್ಬು ಬೆವರಿದ ಕೈಯಿಂದ ಹಿಡಿ ಜಾರದಿರಲೆಂದು. ದಿನವಿಡೀ ಕೊಯ್ಯುವವರು, ಹೆಚ್ಚಾಗಿ ಹೆಂಗಸರು, ಅಂಗಡಿಯಲ್ಲಿ ಮೊದಲು ಹಿಡಿಯನ್ನೇ ಮುಷ್ಟಿಯಲ್ಲಿ ಹಿಡಿದು ನೋಡುವುದು ಸುಮ್ಮನೆ ಅಲ್ಲ: ಒರಟು ಹಿಡಿ ಮಧ್ಯಾಹ್ನದೊಳಗೆ ಅಂಗೈಯಲ್ಲಿ ಬೊಕ್ಕೆ ಎಬ್ಬಿಸುತ್ತದೆ.