ನೀವು ಕೊಳ್ಳದೇ ಬಂದ ಗೊಂಬೆಯ ಚರಿತ್ರೆ

ನಿಮ್ಮ ಮನೇಲಿ ಬಿಬಿಎ, ಬಿಕಾಂ, ಎಂಬಿಎ ಓದ್ತಿರೋ ಮಕ್ಕಳಿದ್ದರೆ ಅವರ ಮಾರ್ಕೆಟಿಂಗ್ ಪುಸ್ತಕ ಒಮ್ಮೆ ತೆಗೆದು ನೋಡಿ. ‘ಕನ್ಸ್ಯೂಮರ್ ಬಿಹೇವಿಯರ್’ ಅಂತ ಒಂದು ಪಾಠ ಇರುತ್ತೆ. ಕನ್ನಡದಲ್ಲಿ ಗ್ರಾಹಕ ವರ್ತನೆ. ಜನ ಯಾಕೆ ಕೊಳ್ತಾರೆ, ಯಾವಾಗ ಕೊಳ್ತಾರೆ, ಯಾರ ಮಾತು ಕೇಳಿ ಕೊಳ್ತಾರೆ ಅನ್ನೋದರ ಅಧ್ಯಯನ. ಅದರಲ್ಲಿ ಒಂದು ಚಿತ್ರ ಇರುತ್ತೆ. ಎಡಗಡೆ ಬೆಲೆ, ಜಾಹೀರಾತು, ಅಂಗಡಿ. ಬಲಗಡೆ ಖರೀದಿ. ನಡುವೆ ಒಂದು ‘ಬ್ಲ್ಯಾಕ್ ಬಾಕ್ಸ್’. ಅದು ಗ್ರಾಹಕನ ತಲೆ!

ಎಂಜಿನಿಯರಿಂಗ್ ಓದಿದ ನನ್ನಂಥವರಿಗೆ ಈ ಚಿತ್ರ ಹೊಸದಲ್ಲ. ಒಳಗೇನಿದೆ ಅಂತ ಗೊತ್ತಿಲ್ಲದ ಸರ್ಕ್ಯೂಟಿಗೆ ಇನ್‌ಪುಟ್ ಕೊಟ್ಟು ಔಟ್‌ಪುಟ್ ಅಳೆಯೋದು ಲ್ಯಾಬಿನಲ್ಲಿ ನಿತ್ಯದ ಕೆಲಸ. ಆದರೆ ಲ್ಯಾಬಿನಲ್ಲಿ ಇನ್ನೊಂದು ಗೆರೆಯನ್ನೂ ಎಳೀತಾರೆ. ಔಟ್‌ಪುಟ್‌ನಿಂದ ಹಿಂದಕ್ಕೆ ಬರೋ ಫೀಡ್‌ಬ್ಯಾಕ್. ಮಾರ್ಕೆಟಿಂಗ್ ಪುಸ್ತಕದಲ್ಲಿ ಆ ಗೆರೆ ಬಂದರೂ ಕಂಪನಿಯ ಮಾರಾಟ ವಿಭಾಗದವರೆಗೆ ಬಂದು ನಿಲ್ಲುತ್ತೆ. ಆ ವಸ್ತುವನ್ನ ಮಾಡಿದ ಕೈವರೆಗೆ ಬರೋದಿಲ್ಲ. ನಾವು ಕೊಂಡರೆ ಆ ಕೈಗೆ ಏನಾಗುತ್ತೆ, ಕೊಳ್ಳದೇ ಹೋದರೆ ಏನಾಗುತ್ತೆ? ಇದನ್ನ ತಿಳಿಯೋಕೆ ಮಾರ್ಕೆಟಿಂಗ್ ಪುಸ್ತಕ ಸಾಲದು, ಚರಿತ್ರೆ ಬೇಕು.

ಗುಡೇಮಾರನಹಳ್ಳಿಯಿಂದ ಬೆಳಗ್ಗೆ ಬಸ್ ಹಿಡಿದು ಮಾಗಡಿಗೋ ಬೆಂಗಳೂರಿಗೋ ಕಾಲೇಜಿಗೆ ಹೋಗೋ ಒಬ್ಬ ಹುಡುಗಿಯನ್ನ ಊಹಿಸಿಕೊಳ್ಳಿ. 1985ರಲ್ಲಿ ಕೋಕಾ ಕೋಲಾ ಕಂಪನಿ ರುಚಿ ಬದಲಾಯಿಸಿ ಅಮೆರಿಕದ ಗ್ರಾಹಕರ ಕೈಲಿ ಬೈಸಿಕೊಂಡ ಕತೆ ಅವಳಿಗೆ ಬಾಯಿಪಾಠ. ಪರೀಕ್ಷೆಗೆ ಅದೇ ಬರುತ್ತೆ. ಆದರೆ ಮಾಗಡಿ, ರಾಮನಗರ ದಾಟಿದರೆ ಸಿಗೋ ಚನ್ನಪಟ್ಟಣದಲ್ಲಿ ಇದಕ್ಕಿಂತ ದೊಡ್ಡ ಪಾಠ ಇದೆ ಅಂತ ಅವಳಿಗೆ ಯಾರೂ ಹೇಳಿರಲ್ಲ. ಅಲ್ವಾ?

ಮೊದಲು ಈ ವಿದ್ಯೆ ಎಲ್ಲಿಂದ ಬಂತು ನೋಡೋಣ. 1920ರ ದಶಕದಲ್ಲಿ ಜಾನ್ ಬಿ. ವಾಟ್ಸನ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ವಿಶ್ವವಿದ್ಯಾಲಯ ಬಿಟ್ಟು ಜಾಹೀರಾತು ಕಂಪನಿ ಸೇರಿಕೊಂಡರು. 1938ರಲ್ಲಿ ವಿಯೆನ್ನಾ ಮೂಲದ ಅರ್ನೆಸ್ಟ್ ಡಿಕ್ಟರ್ ಅಮೆರಿಕಕ್ಕೆ ಬಂದರು. ಮರುವರ್ಷ ಐವರಿ ಸೋಪಿಗಾಗಿ ಒಂದು ಅಧ್ಯಯನ ಮಾಡಿದರು. ‘ಯಾವ ಸೋಪು ಬಳಸ್ತೀರಿ?’ ಅಂತ ಕೇಳಲಿಲ್ಲ. ‘ಸ್ನಾನದ ಬಗ್ಗೆ ಮಾತಾಡಿ’ ಅಂದರು. ಜನರಿಗೆ ಸ್ನಾನ ಅಂದರೆ ಕೊಳೆ ತೊಳೆಯೋದಷ್ಟೇ ಅಲ್ಲ, ಹೊಸದಾಗಿ ಶುರು ಮಾಡೋ ಭಾವ ಅಂತ ಅವರಿಗೆ ಹೊಳೀತು. ಮುಂದೆ 1968ರಲ್ಲಿ ಎಂಗಲ್, ಕೊಲ್ಲಟ್, ಬ್ಲ್ಯಾಕ್‌ವೆಲ್ ಅವರ ಪಠ್ಯಪುಸ್ತಕ ಬಂತು. 1969ರಲ್ಲಿ ಜಾನ್ ಹೋವರ್ಡ್ ಜೊತೆ ಸೇರಿ ಭಾರತೀಯ ಮೂಲದ ಜಗದೀಶ್ ಶೇಠ್ ಖರೀದಿದಾರನ ವರ್ತನೆಯ ಸಿದ್ಧಾಂತವನ್ನೇ ಬರೆದರು. ಕಾಲೇಜಿನ ಪಾಠ ನಿಂತಿರೋದು ಈ ಬುನಾದಿ ಮೇಲೆ.

ಸರಿ. ಡಿಕ್ಟರ್ ಸೋಪಿನ ಮನಸ್ಸು ಓದೋಕೆ ಇಪ್ಪತ್ತು ವರ್ಷ ಮುಂಚೆಯೇ ಬೆಂಗಳೂರಿನಲ್ಲಿ ಒಬ್ಬರು ಅದನ್ನ ಓದಿದ್ದರು ಗೊತ್ತಾ?

1914ರವರೆಗೆ ಮೈಸೂರು ಸಂಸ್ಥಾನ ಶ್ರೀಗಂಧದ ಮರವನ್ನ ಹರಾಜು ಹಾಕ್ತಿತ್ತು. ಅದು ಹೆಚ್ಚಾಗಿ ಹೋಗ್ತಿದ್ದುದು ಜರ್ಮನಿಗೆ. ಮೊದಲ ಮಹಾಯುದ್ಧ ಬಂತು, ಗಿರಾಕಿಯೇ ಶತ್ರು ದೇಶದವನಾದ! ಮರ ಇಲ್ಲೇ ಉಳೀತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಆಡಳಿತ ಕೈಕಟ್ಟಿ ಕೂರಲಿಲ್ಲ. ಟಾಟಾ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ತೆಗೆಯೋ ವಿಧಾನ ರೂಪಿಸಿಕೊಟ್ಟರು. (ಇವರು ಬೇರೆ ವಾಟ್ಸನ್!) 1916ರಲ್ಲಿ ಎಣ್ಣೆ ತಯಾರಿಕೆ ಶುರುವಾಯ್ತು. ಸೋಪು ಮಾಡೋದು ಕಲಿಯೋಕೆ ಎಸ್.ಜಿ. ಶಾಸ್ತ್ರಿ ಅನ್ನೋ ರಸಾಯನಶಾಸ್ತ್ರಜ್ಞರನ್ನ ಇಂಗ್ಲೆಂಡಿಗೆ ಕಳಿಸಿದರು. 1918ರ ಹೊತ್ತಿಗೆ ಮೈಸೂರು ಸ್ಯಾಂಡಲ್ ಸೋಪು ಬಂತು.

ಶಾಸ್ತ್ರಿಗಳು ಸೋಪನ್ನಷ್ಟೇ ಮಾಡಲಿಲ್ಲ, ಕೊಳ್ಳೋರ ಕಣ್ಣನ್ನೂ ನೋಡಿದರು. ಇಟ್ಟಿಗೆಯಂಥ ಸೋಪುಗಳ ಕಾಲದಲ್ಲಿ ಅಂಡಾಕಾರ ಕೊಟ್ಟರು. ಒಡವೆ ಇಡೋ ಪೆಟ್ಟಿಗೆಯನ್ನ ಹೋಲೋ ಡಬ್ಬಿ ಮಾಡಿಸಿದರು. ಟ್ರಾಮ್ ಟಿಕೆಟ್ ಮೇಲೆ, ಬೆಂಕಿಪೊಟ್ಟಣದ ಮೇಲೆ ಜಾಹೀರಾತು ಹಾಕಿಸಿದರಂತೆ. ಕರಾಚಿಯಲ್ಲಿ ಒಂಟೆ ಮೆರವಣಿಗೆಯನ್ನೇ ಮಾಡಿಸಿದರಂತೆ! ಕಾಡಿನ ಮರ ಹಾಗೇ ಮಾರಿದ್ದರೆ ಬೆಲೆ ಹೇಳ್ತಿದ್ದವನು ಹರಾಜು ಕೂಗೋನು. ಸೋಪಾದ ಮೇಲೆ ಕೊಳ್ಳೋಳು ಮನೆಯ ಹೆಣ್ಣುಮಗಳು. ಅವಳ ಮನಸ್ಸು ಹಿಡಿದಿದ್ದರಿಂದ ನೂರು ವರ್ಷ ಕಳೆದರೂ ಆ ಸೋಪು ಅಂಗಡಿಯಲ್ಲಿದೆ.

ಸೋಪಿನ ಹಿಂದೆ ಸಂಸ್ಥಾನವಿತ್ತು, ವಿಜ್ಞಾನಿಗಳಿದ್ದರು, ಖಜಾನೆ ಇತ್ತು. ಇದ್ಯಾವುದೂ ಇಲ್ಲದವರು ಗಿರಾಕಿಯ ಮನಸ್ಸಿನ ಹಿಂದೆ ಓಡಬೇಕಾಗಿ ಬಂದರೆ? ಅದು ಚನ್ನಪಟ್ಟಣದ ಕತೆ.

ಪರ್ಷಿಯಾದಿಂದ ಕುಶಲಕರ್ಮಿಗಳನ್ನ ಕರೆಸಿ ಇಲ್ಲಿಯವರಿಗೆ ಅರಗಿನ ಕೆಲಸ ಕಲಿಸಿದ್ದು ಟಿಪ್ಪು ಸುಲ್ತಾನ್ ಅನ್ನೋದು ಪ್ರತೀತಿ. ಟಿಪ್ಪು ಹೆಸರು ಬಂದ ಕೂಡಲೇ ಸ್ಟುಡಿಯೋದಲ್ಲಿ ಗಲಾಟೆ ಶುರುವಾಗುತ್ತೆ. ಇವತ್ತು ಅದು ಬೇಡ. ಗಿರಾಕಿ ಯಾರು ಅನ್ನೋದನ್ನ ಮಾತ್ರ ನೋಡೋಣ. ಆ ಪ್ರತೀತಿಯಲ್ಲಿ ಗಿರಾಕಿ ಅಂದರೆ ಆಸ್ಥಾನ. ಆಸ್ಥಾನ ಹೋಯ್ತು, ಕೆಲಸ ಉಳೀತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಅನ್ನೋ ಕುಶಲಕರ್ಮಿ ಜಪಾನಿನ ತಂತ್ರಗಳನ್ನ ಇಲ್ಲಿಗೆ ಒಗ್ಗಿಸಿದರು ಅಂತ ಹೇಳ್ತಾರೆ. ಚನ್ನಪಟ್ಟಣದ ಗೊಂಬೆಗಳ ಪಿತಾಮಹ ಅಂತ ಕರೆಯೋದು ಅವರನ್ನೇ. ಈಗ ಗಿರಾಕಿ ಮಧ್ಯಮ ವರ್ಗದ ಮನೆ. ಗಿಲಕಿ, ಬುಗುರಿ, ಕುದುರೆ, ಮರದ ಅಡುಗೆ ಸಾಮಾನು, ಕೂಸು ತಳ್ಳಿಕೊಂಡು ನಡೆಯೋಕೆ ಗಾಡಿ.

ಮಾಡೋ ವಿಧಾನ ಎಷ್ಟು ಸರಳ, ಎಷ್ಟು ಜಾಣ ನೋಡಿ. ಮರ ಹಾಲೆ ಮರ. ಬಿಳೀದು, ನುಣುಪು, ಹಗುರ. ಅದನ್ನ ಒಣಗಿಸಿ ಲೇತ್‌ಗೆ ಕಟ್ಟಿ ತಿರುಗಿಸ್ತಾ ಉಳಿಯಿಂದ ಆಕಾರ ಕೊಡ್ತಾರೆ. ಅರಗಿಗೆ ಬಣ್ಣ ಬೆರೆಸಿ ಕಡ್ಡಿ ಮಾಡಿಟ್ಟುಕೊಂಡಿರ್ತಾರೆ. ಹಳದಿಗೆ ಅರಿಶಿನ, ನೀಲಿಗೆ ನೀಲಿ ಗಿಡ. ತಿರುಗ್ತಿರೋ ಮರಕ್ಕೆ ಆ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿದುಕೊಳ್ಳುತ್ತೆ. ಮೇಲೆ ತಾಳೆಗರಿ ಹಿಡಿದರೆ ಕನ್ನಡಿ ಹೊಳಪು! ಬ್ರಷ್ ಇಲ್ಲ, ಪೇಂಟ್ ಡಬ್ಬಿ ಇಲ್ಲ. ಮಗು ಬಾಯಿಗಿಟ್ಟರೂ ಭಯ ಇಲ್ಲ.

ಆದರೆ ಈ ಗುಣ ಅಂಗಡಿಯಲ್ಲಿ ಕಣ್ಣಿಗೆ ಕಾಣಲ್ಲ. ಸಮಸ್ಯೆ ಇರೋದೇ ಅಲ್ಲಿ. 2001ರ ಏಪ್ರಿಲ್ 1ಕ್ಕೆ ಗ್ರಾಹಕ ವಸ್ತುಗಳ ಆಮದಿನ ಮೇಲೆ ಉಳಿದಿದ್ದ ಪರಿಮಾಣ ನಿರ್ಬಂಧಗಳು ಹೋದವು. ಆಮೇಲೆ ಚೀನಾದ ಪ್ಲಾಸ್ಟಿಕ್ ಗೊಂಬೆ ಸಂತೆಯ ಕಂಬಳಿ ಮೇಲೂ ಬಂದು ಕೂತಿತು. ಅದು ಕೂಗುತ್ತೆ, ಮಿನುಗುತ್ತೆ, ಓಡುತ್ತೆ. ಬೆಲೆ ಕಮ್ಮಿ.

ಇಲ್ಲಿ ಪಾಠದ ಒಂದು ಪುಟ ನಿಜಕ್ಕೂ ಉಪಯೋಗಕ್ಕೆ ಬರುತ್ತೆ. ಒಂದು ಖರೀದಿಯಲ್ಲಿ ಹಲವು ಪಾತ್ರಗಳಿರ್ತವೆ ಅನ್ನುತ್ತೆ ಪುಸ್ತಕ. ಕೇಳೋನು ಒಬ್ಬ, ಒತ್ತಾಯ ಮಾಡೋನು ಒಬ್ಬ, ತೀರ್ಮಾನ ಮಾಡೋನು ಒಬ್ಬ, ದುಡ್ಡು ಕೊಡೋನು ಒಬ್ಬ, ಬಳಸೋನು ಇನ್ನೊಬ್ಬ. ಗೊಂಬೆ ವಿಷಯದಲ್ಲಿ ಬಳಸೋದು ಮಗು, ‘ಕೊಡಿಸಪ್ಪಾ’ ಅಂತ ಹಟ ಮಾಡೋದೂ ಮಗು. ಜೇಬಿಗೆ ಕೈ ಹಾಕೋದು ಅಪ್ಪ. ‘ಬಾಯಿಗೆ ಇಟ್ಕೊಳ್ಳುತ್ತೆ ಕಣೋ, ಬಣ್ಣ ಬಿಡುತ್ತಾ ನೋಡು’ ಅನ್ನೋಳು ಅಜ್ಜಿ. ಪ್ಲಾಸ್ಟಿಕ್ ಗೊಂಬೆ ನೇರವಾಗಿ ಮಗುವಿನ ಜೊತೆ ಮಾತಾಡ್ತು. ಮರದ ಗೊಂಬೆ ಮಾತಾಡಬೇಕಿದ್ದುದು ಅಜ್ಜಿ ಜೊತೆ. ಅಜ್ಜಿ ಅಂಗಡಿಗೆ ಬರೋದೇ ನಿಂತುಹೋಗಿತ್ತು.

2007ರಲ್ಲಿ ಪರಿಸ್ಥಿತಿ ಸ್ವಲ್ಪ ತಿರುಗಿತು. ಚೀನಾದಲ್ಲಿ ತಯಾರಾದ ಲಕ್ಷಾಂತರ ಗೊಂಬೆಗಳನ್ನ ಮ್ಯಾಟೆಲ್ ಕಂಪನಿ ವಾಪಸ್ ತರಿಸಿಕೊಳ್ತು. ಬಣ್ಣದಲ್ಲಿ ಸೀಸ ಇತ್ತು. ಜಗತ್ತಿನ ಅಪ್ಪ ಅಮ್ಮಂದಿರೆಲ್ಲ ದಿಢೀರ್ ಅಂತ ಅಜ್ಜಿಯ ಪ್ರಶ್ನೆ ಕೇಳತೊಡಗಿದರು. ಅಷ್ಟರಲ್ಲಿ ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆ ಸಿಕ್ಕಿತ್ತು. 2010ರ ನವೆಂಬರಿನಲ್ಲಿ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯಕ್ಕೆ ಬಂದ ಮಿಶೆಲ್ ಒಬಾಮ ಈ ಗೊಂಬೆಗಳನ್ನ ಕೊಂಡರು. 2020ರ ಆಗಸ್ಟಿನಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ಚನ್ನಪಟ್ಟಣದ ಹೆಸರು ಹೇಳಿದರು. ಅದೇ ವರ್ಷ ಗೊಂಬೆಗಳ ಆಮದು ಸುಂಕ ಶೇ 20ರಿಂದ 60ಕ್ಕೆ ಏರಿತು. 2021ರ ಜನವರಿ 1ರಿಂದ ಗುಣಮಟ್ಟ ನಿಯಂತ್ರಣ ಆದೇಶ ಜಾರಿಗೆ ಬಂತು. ನೋಂದಾಯಿತ ಕುಶಲಕರ್ಮಿಗಳಿಗೆ, ಜಿಐ ಗೊಂಬೆಗಳಿಗೆ ಅದರಿಂದ ವಿನಾಯ್ತಿಯೂ ಸಿಕ್ತು. ನಾವು ಟಿವಿಯವರು ಚರ್ಚೆ ಮಾಡಿದೆವು, ಜನ ಚಪ್ಪಾಳೆ ಹೊಡೆದರು.

ಹಾಗಾದರೆ ಎಲ್ಲ ಸರಿಹೋಯ್ತಾ? ಇಲ್ಲ. ಯಾಕಂದರೆ ಗಿರಾಕಿಯ ಮನಸ್ಸು ಬದಲಾದರೂ ಅವನ ದಾರಿ ಬದಲಾಗಿಬಿಟ್ಟಿತ್ತು.

1962ರಲ್ಲಿ ಹಾಕಿನ್ಸ್ ಸ್ಟರ್ನ್ ಅನ್ನೋರು ‘ಇಂಪಲ್ಸ್’ ಖರೀದಿ ಬಗ್ಗೆ ಒಂದು ಹೆಸರಾಂತ ಲೇಖನ ಬರೆದರು. ಮನೆಯಿಂದ ಹೊರಡುವಾಗ ಮನಸ್ಸಲ್ಲೇ ಇಲ್ಲದ್ದನ್ನ ಕಂಡ ತಕ್ಷಣ ಕೊಳ್ಳೋದು. ಅದರಲ್ಲಿ ಅವರು ನಾಲ್ಕು ಬಗೆ ಹೇಳ್ತಾರೆ. ಅದರಲ್ಲೊಂದು, ವಸ್ತು ಕಂಡಾಗ ಮರೆತಿದ್ದು ನೆನಪಾಗಿ ಕೊಳ್ಳೋದು. ಬೆಂಗಳೂರು–ಮೈಸೂರು ಹಳೇ ರಸ್ತೆಯ ಗೊಂಬೆ ವ್ಯಾಪಾರದ ಬಹುಪಾಲು ಇಂಥದ್ದೇ. ಗೊಂಬೆ ತರೋಕೆ ಅಂತಲೇ ಕಾರು ಹತ್ತಿದವರು ಎಷ್ಟು ಜನ? ಮೈಸೂರಿಗೆ ಹೊರಟಿರ್ತೀವಿ, ಕಾಫಿಗೆ ನಿಲ್ಲಿಸ್ತೀವಿ, ಬಾಗಿಲಲ್ಲಿ ತೂಗ್ತಿರೋ ಬಣ್ಣ ಕಾಣುತ್ತೆ. ‘ಅಕ್ಕನ ಮಗೂಗೆ ಏನಾದ್ರೂ ತಗೊಳ್ಳೋಣ್ವಾ?’ ಅಷ್ಟೇ.

2023ರ ಮಾರ್ಚ್ 12ಕ್ಕೆ ಎಕ್ಸ್‌ಪ್ರೆಸ್ ವೇ ಉದ್ಘಾಟನೆಯಾಯ್ತು. ರಾಮನಗರ, ಚನ್ನಪಟ್ಟಣ ಎರಡೂ ಬೈಪಾಸ್. ಮೂರು ಗಂಟೆ ದಾರಿ ಒಂದೂವರೆ ಗಂಟೆಗೆ ಇಳೀತು ಅಂತ ನಾವೆಲ್ಲ ಖುಷಿಪಟ್ಟೆವು. ಪಡಬಾರದು ಅಂತ ನಾನು ಹೇಳಲ್ಲ, ರಸ್ತೆ ಬೇಕಿತ್ತು. ಆದರೆ ಹಳೇ ರಸ್ತೆಯ ಗೊಂಬೆ ಅಂಗಡಿಯವರು ವ್ಯಾಪಾರ ಬಿದ್ದುಹೋಯ್ತು ಅಂತ ಅವತ್ತಿನಿಂದಲೂ ಹೇಳ್ತಿದ್ದಾರೆ. ಗ್ರಾಹಕನಿಗೆ ಗೊಂಬೆ ಬೇಡ ಅನಿಸಲಿಲ್ಲ. ಕಾಣಲಿಲ್ಲ. ಅಷ್ಟೇ ಆಗಿದ್ದು. ಬ್ಲ್ಯಾಕ್ ಬಾಕ್ಸ್ ಒಳಗೆ ಎಷ್ಟು ಹುಡುಕಿದರೂ ಇದಕ್ಕೆ ಉತ್ತರ ಸಿಗಲ್ಲ, ಯಾಕಂದರೆ ಉತ್ತರ ಇರೋದು ರಸ್ತೆಯ ನಕ್ಷೆಯಲ್ಲಿ.

ಈಗ ಆ ಹಿಂದಕ್ಕೆ ಬರೋ ಗೆರೆ ಎಳೆಯೋಣ. ಅಂಗಡಿಯವನ ಗಲ್ಲಾಪೆಟ್ಟಿಗೆ ಖಾಲಿಯಾದರೆ ಅವನು ಕುಶಲಕರ್ಮಿಗೆ ಆರ್ಡರ್ ಕೊಡಲ್ಲ. ಬದುಕಬೇಕಲ್ಲ, ಬೇಗ ಖರ್ಚಾಗೋ ಅಗ್ಗದ ಪ್ಲಾಸ್ಟಿಕ್ ತಂದಿಡ್ತಾನೆ. ಆರ್ಡರ್ ಇಲ್ಲದ ಲೇತ್ ಪಕ್ಕದಲ್ಲಿ ಬೆಳೆದ ಮಗ ಬಿಡದಿಯ ಕಾರ್ಖಾನೆಗೋ ಬೆಂಗಳೂರಿನ ಡೆಲಿವರಿ ಕೆಲಸಕ್ಕೋ ಹೋಗ್ತಾನೆ. ಅವನದು ತಪ್ಪಾ? ಖಂಡಿತ ಅಲ್ಲ. ಆದರೆ ಕಾಲಾನುಕಾಲದಿಂದ ಕೈಯಿಂದ ಕೈಗೆ ಬಂದ ವಿದ್ಯೆ ಅಲ್ಲಿಗೆ ನಿಲ್ಲುತ್ತೆ. ಅರಗಿನ ಕಡ್ಡಿಯನ್ನ ಎಷ್ಟು ಒತ್ತಬೇಕು ಅನ್ನೋದು ಯಾವ ಮ್ಯಾನ್ಯುಯಲ್‌ನಲ್ಲೂ ಇಲ್ಲ. ಅದಿರೋದು ಬೆರಳಲ್ಲಿ. ಬೆರಳು ಬೇರೆ ಕೆಲಸ ಕಲಿತರೆ ಜಿಐ ಪ್ರಮಾಣಪತ್ರ ಗೋಡೆ ಮೇಲೆ ಇದ್ದೇನು ಪ್ರಯೋಜನ?

ಅದಕ್ಕೇ ಕಾಲೇಜಿನ ಮೇಷ್ಟ್ರುಗಳಿಗೆ ನನ್ನ ವಿನಂತಿ ಇಷ್ಟೇ. ಕೋಕಾ ಕೋಲಾ ಪಾಠ ಮಾಡಿ, ಬೇಡ ಅನ್ನಲ್ಲ. ಜೊತೆಗೆ ಒಂದು ಶನಿವಾರ ನಿಮ್ಮ ವಿದ್ಯಾರ್ಥಿಗಳನ್ನ ಚನ್ನಪಟ್ಟಣದ ಹಳೇ ರಸ್ತೆಯಲ್ಲಿ ನಿಲ್ಲಿಸಿ. ಎಷ್ಟು ಕಾರು ನಿಂತವು, ಯಾರು ಇಳಿದರು, ಏನು ಕೇಳಿದರು, ಕೊಳ್ಳದೇ ಹೋದವರು ಯಾಕೆ ಹೋದರು ಅಂತ ಬರೆದುಕೊಳ್ಳಲಿ. ಆಮೇಲೆ ಹಿಂದಿನ ಗಲ್ಲಿಗೆ ಹೋಗಿ ಲೇತ್ ಮುಂದೆ ಕೂತವರ ಹತ್ತಿರ ಮಾತಾಡಲಿ. ಮರದ ಗೊಂಬೆ ಅಂತ ಸಿಗೋದರಲ್ಲಿ ಅರಗಿನದು ಯಾವುದು, ಪೇಂಟಿನದು ಯಾವುದು ಅಂತ ಗ್ರಾಹಕನಿಗೆ ಗೊತ್ತಾಗೋ ಹಾಗೆ ಒಂದು ಸಣ್ಣ ಚೀಟಿ ಬರೆದುಕೊಡಲಿ. ನೂರು ವರ್ಷದ ಹಿಂದೆ ಶಾಸ್ತ್ರಿಗಳು ಸೋಪಿಗೆ ಮಾಡಿದ ಕೆಲಸವನ್ನ ಗೊಂಬೆಗೆ ಮಾಡೋಕೆ ಸಂಸ್ಥಾನವೇ ಬೇಕಾಗಿಲ್ಲ. ಗುಡೇಮಾರನಹಳ್ಳಿಯ ಆ ಹುಡುಗಿ ಸಾಕು. ಅವಳಿಗೆ ಈ ಪ್ರಾಜೆಕ್ಟ್‌ಗೆ ಅಂಕ ಕೊಡಿ.

ಇನ್ನು ನಾವು, ನೀವು. ಮುಂದಿನ ಸಲ ಮೈಸೂರಿಗೆ ಹೊರಟಾಗ ಇಪ್ಪತ್ತು ನಿಮಿಷ ಮುಂಚೆ ಹೊರಡಿ. ಎಕ್ಸ್‌ಪ್ರೆಸ್ ವೇ ಬಿಟ್ಟು ಹಳೇ ರಸ್ತೆಗೆ ಇಳಿಯಿರಿ. ಇಷ್ಟವಾದರೆ ಕೊಳ್ಳಿ, ಇಲ್ಲದಿದ್ದರೆ ಬಿಡಿ. ಕೊಳ್ಳೋ ಮುಂಚೆ ಮಾತ್ರ ಅಜ್ಜಿಯ ಪ್ರಶ್ನೆ ಕೇಳಿ: ಈ ಬಣ್ಣ ಯಾವುದು, ಇದನ್ನ ಮಾಡಿದೋರು ಯಾರು?